ಮಾದಪ್ಪನ ಮುಂದೆ ಕಟ್ಟಿದ ಉಗುರು

ಆವತ್ತು ಬೆಳಗ್ಗೆ ಆಷಾಢದ ಗಾಳಿ ದಟ್ಟಗಳ್ಳಿಯ ಖಾಲಿ ಸೈಟುಗಳ ಮೇಲೆ ಹಗ್ಗ ಕಿತ್ತ ಹೋರಿಯ ಹಾಗೆ ನುಗ್ಗುತ್ತಿತ್ತು. ಮಳೆಯೆಂದರೆ ಮಳೆಯೂ ಅಲ್ಲ; ಯಾರೋ ಮುಖಕ್ಕೆ ನೀರು ಚಿಮುಕಿಸಿ ಓಡಿಹೋದಂತೆ ಒಂದೊಂದು ಹನಿ. ಮಹದೇವಮ್ಮ ದೇವರ ಮನೆಯಲ್ಲಿ ದೀಪ ಹಚ್ಚುವುದು, ಗಾಳಿ ಬಂದು ಆರಿಸುವುದು. ಕೊನೆಗೆ ಸೆರಗು ಮರೆ ಮಾಡಿ ಹಿಡಿದು, "ಇವತ್ತೇನಪ್ಪ ನಿಂಗೆ ನನ್ ಕೂಡೆ ಆಟ?" ಎಂದು ಹುಲಿಯ ಮೇಲೆ ಕೂತ ಮಾದಪ್ಪನ ಪಟವನ್ನು ಕೇಳಿದಳು. ದೀಪ ನಿಂತಿತು.

ವಿಭೂತಿ ಧರಿಸಿ ಹೊರಗೆ ಬಂದರೆ ಮಗ ಸಿದ್ದಲಿಂಗಸ್ವಾಮಿ ಬಾಗಿಲಲ್ಲೇ ಕಾಯುತ್ತಿದ್ದ. ಬ್ಯಾಂಕಿನ ಮ್ಯಾನೇಜರು, ಭಾನುವಾರ ಒಂಬತ್ತಕ್ಕೆ ಮುಂಚೆ ಏಳುವ ಆಸಾಮಿಯಲ್ಲ.

"ಅವ್ವ, ಮಧ್ಯಾಹ್ನ ಊಟಕ್ಕೆ ಒಬ್ರು ಬರ್ತಾರೆ. ಆಫ್ರಿಕಾದವರು. ಹೋದ ವರ್ಷ ನಾವು ಟೆಂಟ್ ಹಾಕ್ಕೊಂಡಿದ್ವಲ್ಲ, ಆ ಜಾಗದ ಕಾವಲಿನವರು. ಇಲ್ಲಿ ಅರಣ್ಯ ಇಲಾಖೆ ತರಬೇತಿಗೆ ಬಂದಿದ್ದಾರೆ."

"ಬರ್ಲಿ ಬುಡು. ಅದಕ್ಯಾಕೆ ಮುಖ ಹಿಂಗೆ ಮಾಡ್ಕೊಂಡಿದ್ದೀಯೆ?"

"ಅವರು ಬರೋಕ್ ಮುಂಚೆ ನಿಶ್ಚಿತಾ ಕೊರಳಿನ ಉಗುರು ಬಿಚ್ಚಿಟ್ಬುಡು."

ಮಹದೇವಮ್ಮನ ಕೈ ತಾನಾಗಿ ಎದೆಗೆ ಹೋಯಿತು.

ಮೊಮ್ಮಗಳು ನಿಶ್ಚಿತಾ ಹಿಂದೆಲ್ಲ ರಾತ್ರಿ ಚಿಟ್ಟನೆ ಚೀರಿ ಎದ್ದು ಕೂರುತ್ತಿದ್ದಳು. ಮೈಯೆಲ್ಲ ಬೆವರು, ಕಣ್ಣು ಎಲ್ಲೋ. ಡಾಕ್ಟರ ಸಿರಪ್ಪು ಕುಡಿಸಿದ್ದಾಯಿತು, ಮಠದ ಯಂತ್ರ ಕಟ್ಟಿಸಿದ್ದಾಯಿತು. ಮಹದೇವಮ್ಮನ ತವರಿನಲ್ಲಿ ಬೆಚ್ಚುವ ಮಕ್ಕಳ ಕೊರಳಿಗೆ ಹುಲಿಯುಗುರು ಕಟ್ಟುವುದು ಮುತ್ತಜ್ಜನ ಕಾಲದಿಂದ ಬಂದದ್ದು. "ಒಂದು ಉಗುರು ಸಿಕ್ಕಿದ್ರೆ ಸಾಕು ಕಣೋ" ಎಂದು ಅವಳು ಮಗನ ಕಿವಿ ತೂತಾಗುವಷ್ಟು ಹೇಳಿದ್ದಳು. "ಜೈಲಿಗೆ ಕಳಿಸ್ತೀಯಾ?" ಎಂದು ಅವನು ಗದರಿದ್ದ. ಹಾಗೆ ಗದರಿದವನೇ ಸ್ನೇಹಿತರ ಜೊತೆ ಆಫ್ರಿಕಾಕ್ಕೆ ಹೋಗಿ ಬಂದು ಕರ್ಚೀಫಿನಿಂದ ಸಿಂಹದ ಉಗುರು ತೆಗೆದು ಅವಳ ಕೈಗಿಟ್ಟ. ಅಲ್ಲಿ ಅಂಗಡಿಯಲ್ಲೇ ಮಾರುತ್ತಾರೆ ಎಂದ. ಅವಳು ಅಕ್ಕಸಾಲಿ ಗೋವಿಂದರಾಜು ಹತ್ತಿರ ಬೆಳ್ಳಿ ಕಟ್ಟು ಹಾಕಿಸಿ, ಬೆಟ್ಟ ಹತ್ತಿ, ಮಾದಪ್ಪನ ಮುಂದಿಟ್ಟು ಕರಿದಾರದಲ್ಲಿ ಕಟ್ಟಿದಳು. ಆ ರಾತ್ರಿಯಿಂದ ಮಗು ಕಲ್ಲು ಗುಂಡಿನ ಹಾಗೆ ನಿದ್ದೆ ಮಾಡಿತು.

"ಮಾದಪ್ಪನ ಮುಂದೆ ಕಟ್ಟಿದ್ದನ್ನ, ಯಾರೋ ಬಂದ್ರು ಅಂತ ಬಿಚ್ಚಕಾಯ್ತದಾ?" ಎಂದಳು. "ಆಗಾಕಿಲ್ಲ."

"ಸರಿ, ಹಂಗಾದ್ರೆ ಅವಳನ್ನ ಪಕ್ಕದ ಪುಟ್ಟಲಿಂಗಮ್ಮನ ಮನೇಲಿ ಬಿಟ್ಟು ಬರ್ತೀನಿ" ಎಂದು ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟ. ಸೊಸೆ ಅಪ್ಪನಿಗೆ ಹುಷಾರಿಲ್ಲವೆಂದು ನಂಜನಗೂಡಿಗೆ ಹೋಗಿದ್ದಳು; ತಡೆದು ಕೇಳುವವರು ಯಾರೂ ಇರಲಿಲ್ಲ.

ಬಂದವನ ಹೆಸರು ಲೆಮಾಯಾನ್. ತೆಂಗಿನ ಮರದಂಥ ಆಳು. ನಮ್ಮ ಗಾಳಿಗೆ ನಡುಗಿ ಅಂಗಿಯ ಮೇಲೆ ಕೆಂಪು ಚೌಕಳಿಯ ಹೊದಿಕೆ ಸುತ್ತಿಕೊಂಡಿದ್ದ. ಬಾಗಿಲಿಗೆ ತಲೆ ಬಾಗಿಸಿ ಒಳಗೆ ಬಂದು ನೆಲದ ಮೇಲೆ ತಾನಾಗಿ ಕಾಲು ಮಡಿಸಿ ಕೂತ. ಮುದ್ದೆಯನ್ನು ಕಂಡದ್ದೇ ನಕ್ಕು, ಚೂರು ಮುರಿದು ಬೆರಳಲ್ಲಿ ಗುಂಡಗೆ ಮಾಡಿ ಹುರುಳಿ ಸಾರಿಗೆ ಅದ್ದಿದ. ಅವರಲ್ಲೂ ಹೀಗೇ ಅಂತೆ, ಜೋಳದ್ದಂತೆ.

ಮಹದೇವಮ್ಮನಿಗೆ ಅವನ ಮೇಲೆ ಅಕ್ಕರೆ ಹುಟ್ಟಿತು. ಆ ಜಾಗದ ಬಗ್ಗೆ ಮಗ ಮೊದಲೇ ಹೇಳಿದ್ದ. ಸರ್ಕಾರದ್ದಲ್ಲ, ದನ ಕಾಯುವ ಮನೆಯವರೇ ತಮ್ಮ ಹುಲ್ಲುಗಾವಲನ್ನೆಲ್ಲ ಒಂದು ಮಾಡಿ ಕಾಡುಪ್ರಾಣಿಗಳಿಗೆಂದು ಬಿಟ್ಟಿದ್ದಾರೆ. ಟೆಂಟು ಹಾಕುವವರು ಕೊಡುವ ಬಾಡಿಗೆ ಮನೆಮನೆಗೆ ಹಂಚಿಹೋಗುತ್ತದೆ. ರಾತ್ರಿ ಟೆಂಟಿನ ಬಟ್ಟೆಯಾಚೆ ಸಿಂಹ ಉಸಿರು ಬಿಡುವುದು ಕೇಳುತ್ತದೆ. "ದನಾನೂ ಬದುಕ್ಲಿ, ಸಿಂಹಾನೂ ಬದುಕ್ಲಿ ಅಂತಾರಲ್ಲ, ಅವರೂ ಶರಣರೇ ಕಣೋ" ಎಂದಿದ್ದಳು ಅವಳು.

ಊಟದ ನಡುವೆ ಲೆಮಾಯಾನ್ ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದ. ದನಿ ಇಳಿಯಿತು. ಎಡಗೈ ಚಾಚಿ, ಬೆರಳುಗಳನ್ನು ಪಂಜದಂತೆ ಬಗ್ಗಿಸಿ, ಅದರಲ್ಲೊಂದನ್ನು ಮಡಿಸಿ ತೋರಿಸಿದ. ಸಿದ್ದಲಿಂಗಸ್ವಾಮಿಯ ತುತ್ತು ತಟ್ಟೆಯಲ್ಲೇ ಉಳಿಯಿತು.

"ಏನಂತೋ?"

"ಏನಿಲ್ಲವ್ವ. ಅಲ್ಲಿ ಮಳೆ ಹೋಯ್ತಂತೆ."

"ಸಿದ್ದು, ಅಡುಗೆಮನೆಗೆ ಬಾ. ಮಜ್ಜಿಗೆ ತಕ್ಕೊಡು."

ಒಳಗೆ ಬಂದದ್ದೇ ಅವನ ರಟ್ಟೆ ಹಿಡಿದಳು. "ಮಳೆ ವಿಚಾರಕ್ಕೆ ಬೆರಳು ಮಡಿಸ್ತಾರೇನೋ? ನಂಗೆ ಇಂಗ್ಲಿಷ್ ಬರಾಕಿಲ್ಲ, ಕಣ್ಣು ಕಾಣ್ತದೆ. ಆ ಉಗುರು ಎಲ್ಲಿದು?"

ಅವನು ಒಲೆಯ ಕಡೆ ಮುಖ ಮಾಡಿಕೊಂಡು ಪಿಸುಗುಟ್ಟಿದ. ಟೆಂಟಿನ ಹತ್ತಿರ ಮುದಿ ಸಿಂಹವೊಂದು ತಾನಾಗಿ ಸತ್ತುಬಿದ್ದಿತ್ತು. ಲೆಮಾಯಾನ್‌ನ ತಮ್ಮನನ್ನು ಹೆಣದ ಕಾವಲಿಗೆ ಬಿಟ್ಟಿದ್ದರು. ಅವನು ಇವರ ಚಹಾಕ್ಕೆಂದೇ ಸೌದೆ ತರಲು ಹೋದಾಗ ಸಿದ್ದಲಿಂಗಸ್ವಾಮಿ ಚಾಕು ತೆಗೆದ. ಅಲ್ಲಿ ಹಕ್ಕಿ ಪುಕ್ಕ ಕೂಡ ಎತ್ತಿಕೊಳ್ಳಬಾರದೆಂದು ಮೊದಲ ದಿನವೇ ಹೇಳಿದ್ದರು. ಸಂಜೆ ಊರ ಹಿರಿಯರು ಬಂದು ಎಲ್ಲರ ಎದುರು ಹೆಣ ಸುಡುವ ಮುಂಚೆ ಉಗುರು ಎಣಿಸಿದರೆ ಒಂದು ಕಡಿಮೆ. ತಮ್ಮನೇ ಮಾರಿಕೊಂಡ ಎಂದಾಯಿತು. ಕಾವಲು ಕೆಲಸ ಹೋಯಿತು, ಬಾಡಿಗೆಯಲ್ಲಿ ಬರುತ್ತಿದ್ದ ಮನೆಯ ಪಾಲು ನಿಂತಿತು. ಈಗ ಅವನ ದನವನ್ನು ಯಾರೂ ತಮ್ಮ ದನದ ಜೊತೆ ನೀರಿಗೆ ಬಿಡುವುದಿಲ್ಲ.

"ಇವರು ನಮ್ಮೇಲೆ ಅನುಮಾನ ಪಟ್ಟು ಬಂದಿಲ್ಲ ಕಣವ್ವ. ಟೆಂಟಲ್ಲಿದ್ದವರನ್ನೆಲ್ಲ ಕೇಳ್ತಿದ್ದಾರೆ, ಯಾರಾದ್ರೂ ಏನಾದ್ರೂ ನೋಡಿದ್ರಾ ಅಂತ."

"ಕೊಟ್ಬುಡು, ಮತ್ತೆ!"

"ಕೊಟ್ರೆ ಅವರು ಹಂಗೇ ದೇಶ ದಾಟಿಸೋಕಾಗಲ್ಲ, ಇಲ್ಲಿನ ಇಲಾಖೆ ಕೈಗೇ ಹೋಗ್ಬೇಕು, ಕಾಗದ ಆಗ್ಬೇಕು. ನನ್ ಹೆಸರು ಬರತ್ತೆ. ಕೇಸು. ಕೆಲಸ ಹೋಗತ್ತೆ. ಈ ಮನೆ ಸಾಲ ಯಾರು ಕಟ್ತಾರೆ? ಆ ಮಗು ರಾತ್ರಿಯೆಲ್ಲ ಕಿರುಚಿದ್ರೆ ನೀನ್ ಹಿಡ್ಕೊಂಡು ಕೂರ್ತೀಯಾ?"

ಮಹದೇವಮ್ಮ ಅವನ ರಟ್ಟೆ ಬಿಟ್ಟಳು. ತಾನು ಕೇಳಿದ್ದಕ್ಕಲ್ಲವೇ ಅವನು ಚಾಕು ತೆಗೆದದ್ದು?

ಅಷ್ಟರಲ್ಲಿ ಹೊರಬಾಗಿಲು ದಢಾರನೆ ಬಡಿಯಿತು. "ಅಜ್ಜೀ, ಪುಟ್ಟಲಿಂಗಮ್ಮಜ್ಜಿ ಮಲ್ಕೊಂಬುಟ್ರು!" ನಿಶ್ಚಿತಾಳ ದನಿ. ಇಬ್ಬರೂ ಓಡಿ ಬಂದರು. ಬರುವಷ್ಟರಲ್ಲಿ ಹೊತ್ತು ಮೀರಿತ್ತು.

ಲೆಮಾಯಾನ್ ತಮ್ಮ ಕಡೆಯ ರೂಢಿಯಂತೆ ಮಗುವಿನ ನೆತ್ತಿಯ ಮೇಲೆ ಕೈ ಇಟ್ಟಿದ್ದ, ಬಲಗೈ ಎಂಜಲೆಂದು ಎಡಗೈ. ಮಗು ಅವನ ಹೊದಿಕೆಯ ಅಂಚು ಹಿಡಿದು ನೋಡುತ್ತಿತ್ತು. ಓಡಿ ಬಂದ ರಭಸಕ್ಕೆ ಫ್ರಾಕಿನಿಂದ ಹೊರಬಿದ್ದ ಉಗುರು ಕರಿದಾರದಲ್ಲಿ ತೂಗುತ್ತಿತ್ತು.

ಅವನು ಅದನ್ನು ನೋಡಿದ. ಸಿದ್ದಲಿಂಗಸ್ವಾಮಿ ಗೋಡೆಗೆ ಒರಗಿಕೊಂಡ. ಈಗ ಕೂಗುತ್ತಾನೆ, ಈಗ ಕಿತ್ತುಕೊಳ್ಳುತ್ತಾನೆ ಎಂದು ಮಹದೇವಮ್ಮ ಮಗುವಿನ ಕಡೆ ಹೆಜ್ಜೆಯಿಟ್ಟಳು. ಲೆಮಾಯಾನ್ ಕಣ್ಣೆತ್ತಿ ಅವಳನ್ನು ನೋಡಿದ. ಆಮೇಲೆ ಎರಡೇ ಬೆರಳಲ್ಲಿ, ಮಗುವಿನ ಮೈಗೆ ತಾಕದ ಹಾಗೆ, ಉಗುರನ್ನು ಫ್ರಾಕಿನೊಳಗೆ ಇಳಿಬಿಟ್ಟ. ತಟ್ಟೆಯ ಮುಂದೆ ತಿರುಗಿ ಕೂತು ಉಳಿದ ಮುದ್ದೆಯನ್ನು ಒಂದೊಂದೇ ತುತ್ತು ನುಂಗಿದ.

ಕೈ ತೊಳೆದು, ಅವಳಿಗೆ ಕೈ ಮುಗಿದು, ಶೂ ಹಾಕಿಕೊಳ್ಳಲು ಹೊರಗಿನ ಮೆಟ್ಟಿಲಿಗೆ ಹೋದ.

ಉಂಡ ಮನೆಯಲ್ಲಿ ಕೇಳಬಾರದೆಂದು ಬಾಯಿ ಹೊಲಿದುಕೊಂಡು ಹೋಗುತ್ತಿದ್ದಾನೆ, ಎಂದುಕೊಂಡಳು ಮಹದೇವಮ್ಮ. ಊರಲ್ಲಿ ತಮ್ಮನ ಎದುರು ನಿಂತಾಗಲೂ ಬಾಯಿ ಬಿಡುವುದಿಲ್ಲವೇನೋ. ಮಗುವನ್ನು ದೇವರ ಮನೆಗೆ ಕರೆದುಕೊಂಡು ಹೋಗಿ ಕೂರಿಸಿ, ಕರಿದಾರದ ಗಂಟಿಗೆ ಕೈ ಹಾಕಿದಳು. ವರ್ಷದ ಗಂಟು, ಬಿಚ್ಚಲೊಲ್ಲದು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

"ಅಜ್ಜಿ, ರಾತ್ರಿ ಗುಮ್ಮ ಬಂದ್ರೆ?"

"ನನ್ ಸೆರಗು ಹಿಡ್ಕೊಂಡು ಮಲಿಕ್ಕೊ ನನ್ ಕಂದ. ಬಂದ್ರೆ ಇಬ್ಬರೂ ಎದ್ದು ಕೂರೋಣ."

ಉಗುರನ್ನು ಮಗನ ಅಂಗೈಗಿಟ್ಟು ಬೆರಳು ಮಡಿಸಿದಳು. "ನಾ ಕೊಟ್ರೆ ಮುದುಕಿ ಕೊಟ್ಟಂಗಾಯ್ತದೆ, ಅವನ ತಮ್ಮನ ಮೇಲಿರೋದು ಇಳಿಯಾಕಿಲ್ಲ. ನೀನೇ ಕೊಡ್ಬೇಕು ಮಗ."

"ಅವ್ವ..."

"ಏನ್ ಬಂದ್ರೂ ನಿನ್ ಪಕ್ಕ ನಿಲ್ತೀನಿ. ಕೇಳಿದ್ದು ನಾನಲ್ವೇನೋ? ಹೋಗು."

ಅವನು ನಿಂತೇ ಇದ್ದ. ಹೊರಗೆ ಗೇಟಿನ ಚಿಲಕ ತೆಗೆದ ಸದ್ದಾಯಿತು. ಆಗ ಹೋದ, ಬರಿಗಾಲಲ್ಲೇ.

ಮಹದೇವಮ್ಮ ಕಿಟಕಿಯಿಂದ ನೋಡಿದಳು. ಗಾಳಿಗೆ ಇಬ್ಬರ ಬಟ್ಟೆಯೂ ಪಟಪಟನೆ ಬಡಿಯುತ್ತಿತ್ತು. ಸಿದ್ದಲಿಂಗಸ್ವಾಮಿ ತನ್ನ ಎದೆ ಮುಟ್ಟಿಕೊಂಡು, ನಾನೇ ಎನ್ನುವ ಹಾಗೆ, ಏನೋ ಒಂದು ಚಿಕ್ಕ ಮಾತು ಹೇಳಿದ. ಲೆಮಾಯಾನ್ ಎರಡೂ ಕೈ ಜೋಡಿಸಿ ಚಾಚಿದ. ಸಿದ್ದಲಿಂಗಸ್ವಾಮಿ ಮುಷ್ಟಿ ಬಿಚ್ಚಿ ಉಗುರನ್ನು ಆ ಬೊಗಸೆಯೊಳಗಿಟ್ಟ.