ತವರಿನಿಂದ ಬಂದ ಜಿರಲೆ

ಹೊಸ ಸೊಸೆಗೆ ಕಣ್ಣಿರಬೇಕು, ಆದರೆ ಅತ್ತೆಮನೆಯ ಜಿರಲೆ ಕಾಣುವಷ್ಟು ಚುರುಕಾಗಿ ಇರಬಾರದು. ಮದುವೆಗೆ ಮುಂಚೆ ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಆದರೂ ಪಾಲಿಸಿದೆ. ಬನ್ನಿಮಂಟಪದ ಈ ಮನೆಗೆ ಸೇರಕ್ಕಿ ಒದ್ದು ಬಂದ ಮೊದಲ ವಾರದಲ್ಲೇ ಟೀವಿಯ ಕೆಳಗಿನ ಸೆಟ್‌ಟಾಪ್ ಬಾಕ್ಸಿನ ತೂತುಗಳಲ್ಲಿ ಸಣ್ಣ ಕಂದು ಜಿರಲೆಗಳು ಮೀಸೆ ಆಡಿಸುವುದನ್ನು ನೋಡಿದ್ದೆ. ಮಿಕ್ಸಿ ಎತ್ತಿದರೆ ಅದರ ಹೊಟ್ಟೆಯೊಳಗಿಂದಲೂ ಇಳಿದು ಓಡಿದ್ದವು. ಅವತ್ತು ನನ್ನ ಗಂಡ ವಾಗೀಶ ಒಂದನ್ನು ಪೊರಕೆಯಲ್ಲಿ ಹೊಡೆದು, ಪೇಪರಿನಲ್ಲಿ ಸುತ್ತಿ ಎಸೆದು ಬಂದು, “ಅಮ್ಮಂಗೆ ಹೇಳ್ಬೇಡ ಕಣೇ, ಬೇಜಾರ್ ಮಾಡ್ಕೊಂಡ್ಬುಡ್ತಾಳೆ” ಎಂದ.

ನನ್ನ ಅತ್ತೆ ಮಹದೇವಮ್ಮನವರಿಗೆ ಮಡಿವಂತಿಕೆಗಿಂತ ಮಡಿವಂತಿಕೆಯ ಹೆಸರಿನ ಮೇಲೆ ಪ್ರೀತಿ ಹೆಚ್ಚು. ಬೆಳಗ್ಗೆ ಎದ್ದು ಮನೆಯೆಲ್ಲ ಒರೆಸುತ್ತಾರೆ, ನಿಜ. ಆದರೆ ಫ್ರಿಜ್ಜು, ಟೀವಿ ಸ್ಟ್ಯಾಂಡು ಸರಿಸಿ ಹಿಂದೆ ಏನಿದೆ ಎಂದು ನೋಡಿದವರಲ್ಲ. ಬಂದು ಎಂಟು ದಿನವಾಗದ ಸೊಸೆ ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಮಾತು ಬೆಳ್ಳಿ, ಮೌನ ಬಂಗಾರ ಎಂದುಕೊಂಡು ಸುಮ್ಮನಾದೆ. ಆ ಬಂಗಾರ ಆಮೇಲೆ ನನ್ನ ಕುತ್ತಿಗೆಗೇ ಸುತ್ತಿಕೊಂಡಿತು.

ಆಷಾಢಕ್ಕೆ ಎಲ್ಲ ಹೊಸ ಸೊಸೆಯರಂತೆ ನಾನೂ ತವರಿಗೆ ಹೋದೆ. ನನ್ನ ತವರು ಕಡಕೊಳ. ಅಪ್ಪ ಸಿದ್ದಮಲ್ಲಪ್ಪ ಅಲ್ಲಿಯ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್. ಬಾಡಿಗೆಯ ಎರಡು ಕೋಣೆಯ ಮನೆ. ಅಮ್ಮ ಅದನ್ನು ಎಷ್ಟು ಚೊಕ್ಕಟವಾಗಿ ಇಟ್ಟಿದ್ದಳೆಂದರೆ ಒಂದು ಇರುವೆ ಬಂದರೂ ಅದು ದಾರಿ ತಪ್ಪಿ ಬಂದದ್ದೇ ಇರಬೇಕು. ನಾನು ಪಿಯುಸಿ ಓದುವಾಗ ಅಪ್ಪ ಬಿಡಿಭಾಗ ತಂದು ಜೋಡಿಸಿಕೊಟ್ಟ ಕಂಪ್ಯೂಟರ್ ಒಂದಿತ್ತು. ಅದರಲ್ಲೇ ನಾನು ಕೆಲಸ ಕಲಿತದ್ದು. ನಜರ್‌ಬಾದಿನ ಕೃಷ್ಣಸ್ವಾಮಿಯವರ ಪ್ರೆಸ್ಸಿಗೆ ಪುಸ್ತಕದ ಪುಟಗಳನ್ನು ಟೈಪ್ ಮಾಡಿ ಕೂರಿಸಿ ಕೊಡುತ್ತಿದ್ದೆ. ಮದುವೆಯಾದ ಮೇಲೂ ಕೆಲಸ ಬಿಡಬಾರದೆಂದು ಅಪ್ಪನ ಆಸೆ. ಶ್ರಾವಣಕ್ಕೆ ನಾನು ಹಿಂತಿರುಗುವಾಗ ಆಟೋದಲ್ಲಿ ಸಿಪಿಯುವನ್ನು ತೊಡೆಯ ಮೇಲೆ ಇಟ್ಟುಕೊಂಡು ತಾವೇ ಬಂದು ಕೊಟ್ಟು ಹೋದರು. ಹೊರಡುವ ಮುಂಚೆ ಅದನ್ನು ಬಿಚ್ಚಿ, ಬ್ರಶ್ಶಿನಲ್ಲಿ ಧೂಳು ತೆಗೆದು, ಒಳಗೆಲ್ಲ ಒರೆಸಿ ಮುಚ್ಚಿದ್ದನ್ನು ನಾನೇ ಪಕ್ಕದಲ್ಲಿ ಕೂತು ನೋಡಿದ್ದೇನೆ.

ಅತ್ತೆ ಅದಕ್ಕೆ ಜಾಗ ತೋರಿಸಿದ್ದು ಫ್ರಿಜ್ಜಿನ ಪಕ್ಕದಲ್ಲಿ. “ಪ್ಲಗ್ಗು ಅಲ್ಲೇ ಅದೆ ಕಣಮ್ಮ. ಹಾಲ್‌ನಲ್ಲಿಟ್ರೆ ಬಂದೋರ ಕಣ್ಣಿಗೆ ಬೀಳುತ್ತೆ” ಎಂದರು. ಒಂದು ಕಡೆ ಫ್ರಿಜ್ಜಿನ ಬಿಸಿ, ಇನ್ನೊಂದು ಕಡೆ ಅಡುಗೆಮನೆಯ ಗೋಡೆ. ಸದಾ ಬೆಚ್ಚಗಿರುವ, ತೂತುಗಳಿರುವ, ಕತ್ತಲೆಯ ಡಬ್ಬ. ಜಿರಲೆಗಳಿಗೆ ನಾನು ಅರಮನೆಯನ್ನೇ ತಂದುಕೊಟ್ಟಂತಾಯಿತು.

ಗಣೇಶನ ಹಬ್ಬ ಮುಗಿದ ವಾರ ಅದು ಕೆಲಸದ ನಡುವೆ ಪಟ್ಟನೆ ಆರಿಹೋಯಿತು. ಸುಟ್ಟ ವಾಸನೆ ಬಂತು. ನೆಲಕ್ಕೆ ಪೇಪರ್ ಹಾಸಿ, ಪಕ್ಕದ ತಗಡು ಬಿಚ್ಚಿದೆ. ಒಳಗಿಂದ ಜಿರಲೆಗಳು ಬೆಳಕಿಗೆ ಹೆದರಿ ನಾಲ್ಕೂ ದಿಕ್ಕಿಗೆ ಓಡಿದವು. ಫ್ಯಾನಿನ ಸುತ್ತ ಹಿಕ್ಕೆ, ತಂತಿಗಳ ಸಂದಿಯಲ್ಲಿ ಮೊಟ್ಟೆಯ ಚೀಲಗಳು, ಪವರ್ ಸಪ್ಲೈ ಒಳಗೆ ಸುಟ್ಟು ಅಂಟಿಕೊಂಡ ಎರಡು ದೊಡ್ಡವು. ನನ್ನ ಗ್ರಹಚಾರಕ್ಕೆ ಅದೇ ಹೊತ್ತಿಗೆ ಅತ್ತೆಯ ತಂಗಿ ಕಾಫಿ ಕುಡಿಯುತ್ತ ಅಲ್ಲೇ ಕೂತಿದ್ದರು. “ಅಯ್ಯಯ್ಯೋ” ಎಂದು ಕಾಲು ಮೇಲೆತ್ತಿಕೊಂಡರು.

ಅತ್ತೆಯ ಮುಖ ಕೆಂಪಾಯಿತು. ತಂಗಿಯ ಕಡೆ ತಿರುಗಿ, “ನಮ್ಮನೇಲಿ ಇಷ್ಟು ವರ್ಷದಾಗೆ ಒಂದು ಜಿರಲೆ ಕಂಡೋಳಲ್ಲ ನಾನು. ಈಗ ನೋಡು, ತವರಿಂದ ಸಂಸಾರ ಸಮೇತ ಬಂದವೆ” ಎಂದರು.

ಆಗ ಬಾಯಿಬಿಟ್ಟೆ. “ಅತ್ತೆ, ಟೀವಿ ಹಿಂದೇನೂ ಇವೆ. ಮಿಕ್ಸಿಯೊಳಗೂ ಇವೆ.”

“ಇರ್ದೆ ಏನು? ನಿನ್ನ ಡಬ್ಬದಿಂದ ಹತ್ಕಂಡು ಹೋಗವೆ!”

ಆಷಾಢಕ್ಕೆ ಮುಂಚೆಯೇ ನೋಡಿದ್ದೆ ಎಂದೆ. ನೋಡಿದ್ದರೆ ಆಗಲೇ ಯಾಕೆ ಹೇಳಲಿಲ್ಲ ಎಂದರು. ಅದರ ಉತ್ತರ ಸಾಯಂಕಾಲ ಆಫೀಸಿನಿಂದ ಬರಬೇಕಿತ್ತು. ಬಂತು, ಬೂಟು ಬಿಚ್ಚಿತು, ಎರಡೂ ಕಡೆಯ ಮಾತು ಕೇಳಿತು. ಪೊರಕೆಯಿಂದ ಹೊಡೆದದ್ದನ್ನು ನೆನಪಿಸಿದೆ. ವಾಗೀಶ ತಲೆ ಕೆರೆದುಕೊಂಡು, “ಎಲ್ಲಾರ ಮನೇಲೂ ಇರ್ತವೆ ಬುಡಮ್ಮ, ಈಗ ಅದ್ಯಾಕೆ” ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಅತ್ತೆ ಒಡೆದ ಮಡಕೆಗೆ ಬೆಲೆಯಿಲ್ಲ ಎನ್ನುವ ಗಾದೆಯನ್ನು ನಾನು ಹಳೆಯ ಕಾಲದ್ದು ಎಂದುಕೊಂಡಿದ್ದೆ.

ಕಂಪ್ಯೂಟರ್ ಕೆಟ್ಟದ್ದು ಸಣ್ಣ ವಿಷಯ; ಪವರ್ ಸಪ್ಲೈ ಬದಲಿಸಿದರೆ ಸರಿಯಾಗುತ್ತಿತ್ತು. ನನ್ನ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಅವತ್ತಿನಿಂದ ನನ್ನ ಅಮ್ಮ ಬೀಗರ ಬಾಯಲ್ಲಿ ಕೊಳಕು ಹೆಂಗಸಾದಳು. ಅತ್ತೆಯ ತಂಗಿ ಇಡೀ ಬಳಗಕ್ಕೆ ಫೋನು ಮಾಡಿ ಹೇಳಿದರು. ದಿನವೂ ಒಲೆಯ ಕೆಳಗಿನ ಕಲ್ಲನ್ನು ಸೋಪು ಹಾಕಿ ತಿಕ್ಕುವ ನನ್ನ ಅಮ್ಮ!

ಮೂರನೆಯ ದಿನ ಅತ್ತೆಯೇ ಅಪ್ಪನನ್ನು ಕರೆಸಿದರು. ಅಪ್ಪ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ ಬಸ್ಸು ಹತ್ತಿ ಬಂದರು. ಸಿಪಿಯು ಹೊರಗೆ ಸ್ಕೂಟರಿನ ಪಕ್ಕ ಗೋಣಿಚೀಲದೊಳಗಿತ್ತು. ಅಪ್ಪ ಒಳಗೆ ಬಂದು ಅದು ಇದ್ದ ಜಾಗ ನೋಡಿದರು. ಬಗ್ಗಿ ಫ್ರಿಜ್ಜಿನ ಹಿಂದೆ ಇಣುಕಿದರು. ಅಲ್ಲಿ ಅವರಿಗೆ ಏನು ಕಂಡಿತೆಂದು ನನಗೆ ಗೊತ್ತು, ಏಕೆಂದರೆ ನಾನೂ ನೋಡಿದ್ದೆ. ಈಗ ಹೇಳುತ್ತಾರೆ ಎಂದು ಕಾದೆ. ಅಪ್ಪ ನಿಧಾನವಾಗಿ ಎದ್ದು ಕೈ ಮುಗಿದರು.

“ನಮ್ಮಲ್ಲೇ ಸೇರ್ಕೊಂಡಿರ್ಬೇಕು ತಾಯಿ. ನೋಡ್ದೆ ತಂದ್ಬುಟ್ಟೆ, ತಪ್ಪಾಯ್ತು. ತಗೊಂಡೋಗ್ತೀನಿ.”

ಗೇಟಿನ ಹತ್ತಿರ ಅವರ ತೋಳು ಹಿಡಿದು, ಯಾಕಪ್ಪ ಸುಳ್ಳು ಹೇಳಿದ್ರಿ ಎಂದು ಕೇಳಿದೆ. “ನೀನು ಬಾಳ್ಬೇಕಾದ ಮನೆ, ಮಗಾ” ಎಂದಷ್ಟೇ ಹೇಳಿ, ಗೋಣಿಚೀಲವನ್ನು ಆಟೋಕ್ಕೆ ಎತ್ತಿಟ್ಟರು. ಕೃಷ್ಣಸ್ವಾಮಿಯವರು ಎರಡು ವಾರ ಕಾದರು. ಆಮೇಲೆ ಕೆಲಸ ಬೇರೆಯವರಿಗೆ ಹೋಯಿತು.

ಕಂಪ್ಯೂಟರ್ ಹೋದರೂ ಈ ಮನೆಯ ಜಿರಲೆಗಳು ಹೋಗಲಿಲ್ಲ. ಎಲ್ಲಿಗೆ ಹೋಗುತ್ತವೆ, ಇದು ಅವುಗಳ ಸ್ವಂತ ಮನೆ. ಈಗ ಅತ್ತೆಯ ಕಣ್ಣು ಚುರುಕಾಗಿತ್ತು. ಒಂದು ಕಂಡರೂ ಸಾಕು, “ನೋಡು, ನಿಮ್ಮೂರೋವು” ಎಂದು ನನ್ನನ್ನು ಕರೆದು ತೋರಿಸುತ್ತಿದ್ದರು.

ದಸರಾ ಕಳೆದ ಮೇಲೆ ಒಂದು ದಿನ ಅಮ್ಮ ಫೋನಿನಲ್ಲಿ ಪಿಸುಗುಟ್ಟಿದಳು. ಅಪ್ಪ ಸಿಪಿಯುವನ್ನು ಮನೆಯೊಳಗೇ ಬಿಚ್ಚಿ ಕ್ಲೀನ್ ಮಾಡಿದ್ದರಂತೆ. ಆಗ ಎಷ್ಟು ತಪ್ಪಿಸಿಕೊಂಡವೋ, ಈಗ ಅಡುಗೆಮನೆಯ ತುಂಬ ಆಗಿವೆಯಂತೆ. “ಎಷ್ಟು ತಿಕ್ಕಿದ್ರೂ ಹೋಗ್ತಾ ಇಲ್ಲ ಕಣೆ. ದೀಪಾವಳಿಗೆ ಬೀಗರು ಬರ್ತಾರೆ, ನಂಗೆ ಎದೆ ಡವಡವ ಅಂತದೆ” ಎಂದಳು. ಜಿರಲೆಗೆ ಹೆದರಿ ನನ್ನ ಅಮ್ಮ ಅತ್ತದ್ದನ್ನು ಅವತ್ತೇ ಮೊದಲು ಕೇಳಿದ್ದು.

ಮೊದಲ ದೀಪಾವಳಿಗೆ ಅಳಿಯನನ್ನು ಕರೆಯದೆ ಇರಲಾಗುವುದಿಲ್ಲ. ಅಳಿಯನ ಜೊತೆ ಅತ್ತೆಯೂ ಬಂದರು. ಅಮ್ಮ ಗೋಡೆಗೆ ಸುಣ್ಣ ಬಳಿಸಿದ್ದಳು. ಎಲೆ ಹಾಕಿ, ಒಬ್ಬಟ್ಟು ಬಡಿಸಿ, ತುಪ್ಪ ಹಾಕುತ್ತಿದ್ದಳು. ಆ ಹೊಸ ಬಿಳಿ ಗೋಡೆಯ ಮೇಲೆ, ಅತ್ತೆ ಕೂತಿದ್ದ ಜಾಗಕ್ಕೆ ಸರಿಯಾಗಿ, ಒಂದು ಕಂದು ಜಿರಲೆ ಇಳಿದು ಬಂತು. ಅಮ್ಮನ ಕೈಯಲ್ಲಿದ್ದ ಸೌಟು ನಿಂತಿತು.

ಅತ್ತೆ ಕಿರುಚಲಿಲ್ಲ. ನಕ್ಕರು. “ಅವತ್ತು ನಾನಂದ್ರೆ ನನ್ನ ಸೊಸೆಗೆ ಸಿಟ್ಟು ಬಂತಲ್ಲಪ್ಪ ಮಹದೇವ” ಎಂದು ದೇವರನ್ನು ಕೂಗಿ, ನನ್ನ ಕಡೆ ನೋಡಿದರು. “ಈಗೇನಂತೀಯಮ್ಮ?”

“ಇವು ನಿಮ್ಮ ಮನೆಯಿಂದ ಬಂದವು ಅತ್ತೆ” ಎಂದೆ. “ನಿಮ್ಮ ಫ್ರಿಜ್ಜಿನ ಹಿಂದಿಂದ ನನ್ನ ಕಂಪ್ಯೂಟರಿಗೆ ಬಂದವು, ಅದರ ಜೊತೆ ಇಲ್ಲಿಗೆ ಬಂದವು. ನಮ್ಮಪ್ಪ ನೋಡಿದ್ದಾರೆ. ನಿಮ್ಮ ಮಗನಿಗೂ ಗೊತ್ತು, ಕೇಳಿ.”

ಎಲ್ಲರೂ ವಾಗೀಶನನ್ನು ನೋಡಿದರು. ಅವನು ಒಬ್ಬಟ್ಟಿನ ತುಂಡನ್ನು ತುಪ್ಪದಲ್ಲಿ ಅದ್ದಿ, “ಹಬ್ಬದ ದಿನ ಯಾಕೆ ಇದೆಲ್ಲಾ” ಎಂದ.

ನಾನು ಅಪ್ಪನ ಕಡೆ ತಿರುಗಿದೆ. “ಹೇಳಿ ಅಪ್ಪ.”

ಅಪ್ಪ ಎದ್ದು ಹೋಗಿ ಆ ಜಿರಲೆಯನ್ನು ಬರಿಗೈಯಿಂದಲೇ ಗೋಡೆಗೆ ಒತ್ತಿ ಕೊಂದರು. ಸುಣ್ಣದ ಮೇಲೆ ಕಲೆ ಉಳಿಯಿತು. ಆಮೇಲೆ ನನ್ನ ಕಡೆ ತಿರುಗಿ, “ಬಾಯಿ ಮುಚ್ಚು” ಎಂದು ಗದರಿದರು. ಹುಟ್ಟಿದಾಗಿನಿಂದ ನನಗೆ ಹಾಗೆ ಅಂದವರಲ್ಲ. ಅತ್ತೆಯ ಎದುರು ಬಗ್ಗಿ, “ಇದು ನಮ್ಮನೆ ಕೊಳೆನೇ ತಾಯಿ. ಹುಡುಗಿ ಏನೋ ಆಡ್ತಾಳೆ, ಮನಸ್ಸಿಗೆ ಹಾಕ್ಕೋಬೇಡಿ” ಎಂದರು.

“ಬುಡಿ ಬೀಗರೇ” ಎಂದರು ಅತ್ತೆ, ಬಹಳ ದೊಡ್ಡ ಮನಸ್ಸಿನಿಂದ. “ಶುಚಿ ಅನ್ನೋದು ಒಳ್ಳೇ ಮನೇಲಿ ಇದ್ದೂ ಇದ್ದೂ ಬರುತ್ತೆ. ನಾವು ಕಲಿಸ್ಕೋತೀವಿ.”

ಅಪ್ಪ ಸಮಾಧಾನದಿಂದ ತಲೆಯಾಡಿಸಿದರು. ಅಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಅತ್ತೆಯ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿದಳು. ಅತ್ತೆಯ ಮೇಲಿದ್ದ ನನ್ನ ಸಿಟ್ಟೆಲ್ಲ ಆ ಹೊತ್ತಿಗೆ ಅಪ್ಪನ ಮೇಲೆ ತಿರುಗಿತು. ಅದು ಇವತ್ತಿಗೂ ಇಳಿದಿಲ್ಲ.