ಹರಿವೆ ಬೀಜದ ತಿಳಿನೀರು

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಕುಶಲ ಮಾಮನ ಹೋಟೆಲು. ಅಲ್ಲಿ ಸಾಂಬಾರು ಕುದ್ದರೆ ಮುಂಬ್ರಾ ಗುಡ್ಡ ಮೂಗರಳಿಸುತ್ತಿತ್ತು, ಫಾಸ್ಟ್ ಲೋಕಲ್ ರೈಲು ತಾನಾಗಿಯೇ ಸ್ಲೋ ಆಗುತ್ತಿತ್ತು. ಕರೆಂಟು ಹೋದರೆ ಮಾಮನದು ಒಂದೇ ಮಂತ್ರ: ಕೆಡಬಾರದ್ದನ್ನೆಲ್ಲ ಕುದಿಸಿಬಿಡು. ೨೦೦೬ರ ಬೇಸಿಗೆಯಲ್ಲಂತೂ ಕರೆಂಟು ನೆಂಟರಂತೆ ಮುಖ ತೋರಿಸಿ ಹೋಗುತ್ತಿತ್ತು.

ಅವನ ಅಕ್ಕನ ಮಗಳು ಸೌಜನ್ಯ ವಾಶಿಯ ಲ್ಯಾಬೊಂದರಲ್ಲಿ ಸಂಶೋಧನೆಗೆ ಕೂತವಳು. ಉಡುಪಿಯ ಅಜ್ಜಿ, ಅಂದರೆ ಮಾಮನ ಅಮ್ಮ, ಕಳಿಸಿದ್ದ ಕೆಂಪು ಹರಿವೆಯ ಬೀಜ ಅರೆದು, ಅದರೊಳಗಿನ ಪೆಪ್ಟೈಡ್ ಎಂಬ ಪುಟಾಣಿ ಪ್ರೋಟೀನನ್ನು ನೀರಿಗಿಳಿಸಿದ್ದಳು. ಬೂಷ್ಟು ಹಿಡಿದ ಎಲೆಗೆ ಚಿಮುಕಿಸಿದರೆ ರೋಗ ಗಂಟುಮೂಟೆ ಕಟ್ಟಬೇಕು. ದಿವಾದ ಹಳಿಬದಿಯಲ್ಲಿ ಪಾಲಕ್ ಬೆಳೆಯುವ ಮರಗಮ್ಮನ ಮಡಿಯಲ್ಲಿ ಮರುದಿನವೇ ಪರೀಕ್ಷೆ. ಅಜ್ಜಿ ತೀರಿಕೊಂಡಿದ್ದಳು, ಆ ತಳಿಯ ಬೀಜ ಇದ್ದದ್ದೇ ಅಷ್ಟು. ದಿವಾಕ್ಕೆ ಹತ್ತಿರವೆಂದು ಸಾರದ ಪಾತ್ರೆಯನ್ನು ಸಂಜೆ ಮಾಮನ ಕೈಗಿತ್ತಳು.

"ಫ್ರಿಜ್ಜಲ್ಲಿಡಿ ಮಾಮ. ಕೆಡಬಾರದು, ಜೋಪಾನ."

"ನನ್ನ ಕೈಯಲ್ಲಿ ಕೆಡುವುದಾ? ಈ ಹೋಟೆಲಲ್ಲಿ ಒಂದು ಹನಿ ಹಾಲು ಒಡೆದದ್ದು ತೋರಿಸು ಮಾರಾಯ್ತಿ!"

ಬೆಳಿಗ್ಗೆ ಅವಳು ಬಂದಾಗ ಮಾಮ ಯುದ್ಧ ಗೆದ್ದವನ ಹಾಗೆ ನಿಂತಿದ್ದ. ರಾತ್ರಿ ಕರೆಂಟು ಹೋಗಿತ್ತು, ಸಾರವನ್ನು ಕುದಿಸಿದ್ದ. ಅದು ಒಡೆದಿತ್ತು. ಪನೀರಿನ ಹಾಗೆ ಬಟ್ಟೆಯಲ್ಲಿ ಸೋಸಿ, ಗಟ್ಟಿಯನ್ನು ಗಂಟು ಕಟ್ಟಿ ತೂಗುಹಾಕಿದ್ದ. ತಿಳಿನೀರು ಪಾತ್ರೆಯಲ್ಲಿತ್ತು.

"ಕುದಿಸಿದಿರಾ? ಎಲ್ಲ ಸತ್ತೇಹೋಯಿತಲ್ಲ! ನಿಮ್ಮ ಬಡಾಯಿಗೆ ನನ್ನ ಎರಡು ವರ್ಷ ಬೆಂದುಹೋಯಿತು!"

"ನೀರು ಚೆಲ್ಲಲಿಲ್ಲ ಮಗಾ. ಒಂದು ಎಲೆಗೆ ಹಾಕಿ ನೋಡಬಹುದಲ್ಲ..."

"ಇದು ಇಡ್ಲಿಯಲ್ಲ ಮಾಮ, ವಿಜ್ಞಾನ!" ಎಂದವಳೇ ಪಾತ್ರೆಯನ್ನು ಮೋರಿಗೆ ಬಗ್ಗಿಸಿದಳು.

ಮಳೆಗಾಲ ಕಳೆದ ಮೇಲೆ ಲ್ಯಾಬಿನ ಹಿರಿಯರು ಮೂಲಂಗಿ ಬೀಜದ ಸಾರವನ್ನು ಬೇಕೆಂದೇ ಕುದಿಸಿದರು. ದೊಡ್ಡ ಪ್ರೋಟೀನುಗಳೆಲ್ಲ ಒಡೆದು ಗಟ್ಟಿಯಾದವು. ಬಿಗಿಯಾಗಿ ಹೆಣೆದುಕೊಂಡಿದ್ದ ಪುಟಾಣಿ ಪೆಪ್ಟೈಡ್ ಮಾತ್ರ ಜಗ್ಗದೆ ತಿಳಿನೀರಿನಲ್ಲಿ ಉಳಿಯಿತು. ಬೂಷ್ಟು ಅದರ ಹತ್ತಿರ ಸುಳಿಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೌಜನ್ಯಳಿಗೆ ಮೋರಿಯ ಸದ್ದು ಕೇಳಿಸಿತು.

ನೇರ ಡೊಂಬಿವಲಿಗೆ ಬಂದಳು. ನೀರು ಮೋರಿ ಸೇರಿದ ದಿನದಿಂದ ಮಾಮ ಬಡಾಯಿ ಬಿಟ್ಟಿದ್ದ. ಅವನಿಗೆ ಜ್ವರವಿರಬೇಕೆಂದು ಗಿರಾಕಿಗಳು ಊರಿಗೊಂದರಂತೆ ಕಷಾಯ ಹೇಳುತ್ತಿದ್ದರು.

"ಮಾಮ, ನೀವು ಏನೂ ಕೊಂದಿರಲಿಲ್ಲ. ಅದು ಆ ನೀರಿನಲ್ಲೇ ಇತ್ತು. ಚೆಲ್ಲಿದ್ದು ನಾನು."

ಥಾಣೆಯಿಂದ ಕಲ್ಯಾಣದವರೆಗೆ ಡಂಗುರ ಹೊಡೆಯುವಷ್ಟು ಸರಕು ಸಿಕ್ಕಿತ್ತು. ಮಾಮ ಹೊಡೆಯಲಿಲ್ಲ.

"ಅಮ್ಮನ ಬೀಜ ಇನ್ನು ಉಂಟಾ?"

"ಒಂದೂ ಇಲ್ಲ."

ಅವನು ಅವಳ ಚಹಾಕ್ಕೆಂದು ಹಾಲಿನ ಪಾತ್ರೆ ಎತ್ತಿ, ಒಲೆಯ ಮೇಲೆ ಇಡದೆ ಹಾಗೇ ಹಿಡಿದು ನಿಂತ.

"ಇದನ್ನು ಕುದಿಸಬಹುದಲ್ಲ ಮಗಾ?"