ಹನ್ನೆರಡು ಗೂಟದ ಸೇತುವೆ

ನಾನು ಹೆಂಚಿನ ಮಾಡು ಹೊತ್ತ ಮರದ ಸೇತುವೆ. ನನ್ನ ಹುಟ್ಟೇ ಕೊಡಲಿ ಏಟಿನಲ್ಲಿ ಆದದ್ದು. ಹದಿನೆಂಟು ಮತ್ತಿಮರ ಉರುಳಿಸಿ, ಗರಗಸದಲ್ಲಿ ಸೀಳಿ, ಬಡಗಿ ಶೇಷಾಚಾರಿ ನನ್ನನ್ನು ಹೊಳೆಗೆ ಅಡ್ಡ ನಿಲ್ಲಿಸಿದ. ಹಲಗೆ ಕೊಳೆಯಬಾರದೆಂದು ಮೇಲೆ ಹೆಂಚು ಹೊದಿಸಿದ.

ಆಚೆ ಕಂಚೂರು, ಈಚೆ ಬಿಳಗಲ್ಲು. ಕೆಳಗಿನ ಮಡುವಿನ ಮೀನಿಗಾಗಿ ಎರಡೂ ಊರು ಹಾವು ಮುಂಗುಸಿ. ಅದಕ್ಕೇ ಹಿರಿಯರು ಕಟ್ಟಳೆ ಮಾಡಿದರು: ಮಚ್ಚು ಹಿಡಿದು ನನ್ನ ಮೇಲೆ ಕಾಲಿಡುವಂತಿಲ್ಲ. ತಮ್ಮ ಕಡೆಯ ಗೂಟಕ್ಕೆ ನೇತುಹಾಕಿ ದಾಟಬೇಕು, ಮರಳಿ ಬಂದಾಗ ತೆಗೆದುಕೊಳ್ಳಬೇಕು. ಆ ತುದಿಗೆ ಆರು ಗೂಟ, ಈ ತುದಿಗೆ ಆರು. ಎಂಥ ಬುದ್ಧಿವಂತರು! ಬರಿಗೈಯಲ್ಲಿ ದಾಟಿದವನಿಗೆ ಎದುರು ತುದಿಯಲ್ಲಿ ಏನು ಸಿಗುತ್ತದೆಂದು ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ ಬಿಡಿ.

ಆ ಕಟ್ಟಳೆ ನಂಬಿಯೇ ಕಂಚೂರಿನ ಸಾಕಮ್ಮನನ್ನು ಬಿಳಗಲ್ಲಿನ ಈರಯ್ಯನಿಗೆ ಕೊಟ್ಟರು. ದಿಬ್ಬಣ ನನ್ನ ಮೇಲೆಯೇ ಹಾದುಹೋಯಿತು.

ಮೂರನೆಯ ಬೇಸಿಗೆಯಲ್ಲಿ ಬಿಳಗಲ್ಲಿನವರು ಮಡುವಿಗೆ ವಿಷದ ಕಾಯಿ ಜಜ್ಜಿ ಹಾಕಿ ಮೀನು ಹಿಡಿದರು. ಆ ನೀರು ಕುಡಿದು ಸಾಕಮ್ಮನ ಅಣ್ಣ ಕೆಂಪಯ್ಯನ ಜೋಡೆತ್ತು ಸತ್ತವು. ಕೆಂಪಯ್ಯ ಕೆಂಡವಾಗಿ ಬಂದ. ಅಷ್ಟು ಸಿಟ್ಟಿನಲ್ಲೂ ರೂಢಿಯಂತೆ ಮಚ್ಚನ್ನು ಗೂಟಕ್ಕೆ ಹಾಕಿಯೇ ದಾಟಿದ. ಈಚೆ ತುದಿಯಲ್ಲಿ ಈರಯ್ಯ ಭಾವನನ್ನು ಸಮಾಧಾನ ಮಾಡಲು ಹೊರಟು, ತನ್ನ ಮಚ್ಚು ನೇತುಹಾಕಿ ನಿಂತಿದ್ದ. ಜೊತೆಗೆ ಸಾಕಮ್ಮ, ಹಿಂದೆ ಅವನ ತಮ್ಮಂದಿರು.

“ಅಣ್ಣಯ್ಯ, ಬ್ಯಾಡ! ವಿಸ ಹಾಕಿದ್ದು ಇವರಲ್ಲ!”

“ಮೀನು ತಿಂದಿಲ್ವೇನೇ ನಿನ್ ಗಂಡ?”

ಬೆಳಿಗ್ಗೆ ಮೀನುಸಾರು ಬಡಿಸಿದ್ದವಳು ಸಾಕಮ್ಮನೇ.

ಕೆಂಪಯ್ಯ ಗೂಟದಿಂದ ಈರಯ್ಯನದೇ ಮಚ್ಚು ಕಿತ್ತು ಅವನ ಕುತ್ತಿಗೆಗೆ ಹೊಡೆದ. ಎರಡನೆಯ ಏಟು ಬೇಕಾಗಲಿಲ್ಲ. ಬಿಸಿ ರಕ್ತ ನನ್ನ ಹಲಗೆಗಳ ಸಂದಿನಲ್ಲಿಳಿದು ಮಡುವಿಗೆ ತೊಟ್ಟಿಕ್ಕಿತು. ಮಚ್ಚು ಅಲ್ಲೇ ಎಸೆದು ಕೆಂಪಯ್ಯ ತನ್ನೂರಿನತ್ತ ಓಡಿದ. ಈರಯ್ಯನ ತಮ್ಮಂದಿರು ಬರಿಗೈಯಲ್ಲಿ ಬೆನ್ನಟ್ಟಿದರು. ಆಚೆ ತುದಿಯಲ್ಲಿ ಅವನ ಮಚ್ಚಿಗೆ ಅವನಿಗಿಂತ ಮೊದಲು ಅವರ ಕೈ ಎಟುಕಿತು. ಕೆಡವಿಕೊಂಡು, ಕೂಗು ನಿಲ್ಲುವವರೆಗೂ ಕಡಿದರು.

ಅಂದು ಯಾರೂ ಕಟ್ಟಳೆ ಮುರಿಯಲಿಲ್ಲ.

ಗಂಡನ ಮನೆಯವರು ಸಾಕಮ್ಮನನ್ನು “ಕೊಲೆಗಡುಕನ ತಂಗಿ” ಎಂದು ತಳ್ಳಿದರು. ತವರಿನವರು “ಕೊಂದವರ ಮನೆ ಸೊಸೆ” ಎಂದು ಬಾಗಿಲು ಹಾಕಿದರು. ಅವಳು ಬಂದು ನನ್ನ ನಟ್ಟನಡುವೆ, ಮಾಡಿನ ಕೆಳಗೆ ಕುಳಿತಳು. ಆಮೇಲೆ ಗುಂಡುಕಲ್ಲು ತಂದು ಹನ್ನೆರಡೂ ಗೂಟ ಬಡಿದು ಕಿತ್ತಳು. ಪ್ರತಿ ಏಟಿಗೂ ಎರಡೂ ಊರಿಗೆ ಹಿಡಿಶಾಪ ಹಾಕಿದಳು. ದಂಡೆಯಲ್ಲಿ ಮೂರು ಕಲ್ಲಿಟ್ಟು, ಆ ಗೂಟಗಳನ್ನೇ ಉರಿಸಿ ಗಂಜಿ ಕಾಯಿಸಿಕೊಂಡಳು.

ನಲವತ್ತು ವರ್ಷವಾಯಿತು. ಹೊಳೆಯ ಮೇಲ್ಭಾಗದಲ್ಲಿ ಸಿಮೆಂಟಿನ ಸೇತುವೆ ಬಂದಿದೆ. ನನ್ನ ಕೀಲು ಸಡಿಲಿವೆ, ಹೆಂಚು ಉದುರುತ್ತಿವೆ. ಎರಡು ಊರು ಕೂಡಿಸಲು ಹುಟ್ಟಿದೆ, ನನ್ನಿಂದ ಆಗಲಿಲ್ಲ. ಆ ಸಂಕಟ ನನಗಿದೆ. ಒಬ್ಬಳಿಗೆ ಸೂರಾದೆ, ಅಷ್ಟೇ.

ದಾರಿಹೋಕರು ಕೇಳುತ್ತಾರೆ: “ಯಾವೂರಜ್ಜಿ ನಿಂದು?”

ಸಾಕಮ್ಮ ನನ್ನ ಹಲಗೆ ತಟ್ಟುತ್ತಾಳೆ.

“ಇದೇಯ. ಇಲ್ಲಿರೋಳು ನಾನೊಬ್ಳೇ. ಅದ್ಕೇ ನಾ ಬಂದ್ಮೇಲೆ ಇಲ್ಲಿ ಯಾರೂ ಸತ್ತಿಲ್ಲ ಇನ್ನೂವೆ.”